ನಡೆದಾಡುವವರಿಗೆ ಮಾತ್ರ

ವೃದ್ಧಾಶ್ರಮದ ಮಾತು ಬಂದರೆ ನಮ್ಮಲ್ಲಿ ವಿಚಾರಣೆಗೂ ಮೊದಲೇ ತೀರ್ಪು ಬಂದುಬಿಡುತ್ತದೆ. ಮಗ ಅಮೆರಿಕದಲ್ಲಿ, ಅಪ್ಪ ಅಮ್ಮ ಆಶ್ರಮದಲ್ಲಿ ಎಂದಷ್ಟೇ ಹೇಳಿ ನೋಡಿ; ಉಳಿದದ್ದನ್ನು ಕೇಳಿದವರೇ ತುಂಬಿಕೊಳ್ಳುತ್ತಾರೆ. ಹೆತ್ತವರ ಋಣ, ಶ್ರವಣಕುಮಾರ, ಕೆಟ್ಟುಹೋದ ಕಾಲ. ಈಚಿನ ವರ್ಷಗಳಲ್ಲಿ ಇದಕ್ಕೆ ಎದುರಾಗಿ ಇನ್ನೊಂದು ಮಾತೂ ಚಾಲ್ತಿಗೆ ಬಂದಿದೆ. ನಿವೃತ್ತಿ ಎಂದರೆ ಎರಡನೇ ಇನಿಂಗ್ಸ್. ಈಜುಕೊಳ, ಯೋಗ, ಓರಗೆಯವರ ಸಂಗ, ಯಾರ ಹಂಗೂ ಇಲ್ಲದ ಬದುಕು. ಮೊದಲನೆಯದನ್ನು ವೇದಿಕೆಯ ಮೇಲಿನವರು ಹೇಳುತ್ತಾರೆ, ಎರಡನೆಯದನ್ನು ಬಿಲ್ಡರ್‌ಗಳು ಅಚ್ಚು ಹಾಕಿಸುತ್ತಾರೆ. ಹಾಸಿಗೆ ಹಿಡಿದ ಮುದುಕಿಯ ಬಗ್ಗೆ ಇಬ್ಬರೂ ಚಕಾರ ಎತ್ತುವುದಿಲ್ಲ.

ನಮ್ಮ ಸೋದರತ್ತೆಗೆ ಜಾಗ ಹುಡುಕುವ ಸಲುವಾಗಿ ಬೆಂಗಳೂರು, ಮೈಸೂರಿನ ಕೆಲವು ಆಶ್ರಮಗಳನ್ನೂ ದುಬಾರಿ ‘ಸೀನಿಯರ್ ಲಿವಿಂಗ್’ ಬಡಾವಣೆಗಳನ್ನೂ ನೋಡಿಬಂದೆ. ಅತ್ತೆ ಎಂಬತ್ತು ದಾಟಿದವರು. ಗಂಡ ಇಲ್ಲ, ಮಕ್ಕಳಿಲ್ಲ, ಸೊಂಟದ ಮೂಳೆ ಮುರಿದು ಆಪರೇಷನ್ ಆಗಿದೆ, ವಾಕರ್ ಹಿಡಿದರೆ ನಾಲ್ಕು ಹೆಜ್ಜೆ. ಹೋದಲ್ಲೆಲ್ಲ ಮ್ಯಾನೇಜರ್ ಕೇಳಿದ ಮೊದಲ ಪ್ರಶ್ನೆ ಒಂದೇ: ‘ಬಾತ್‌ರೂಮಿಗೆ ಅವರೇ ಹೋಗ್ತಾರಾ ಸಾರ್?’ ಕೊಟ್ಟ ಅರ್ಜಿಗಳಲ್ಲಿ ಆಧಾರ್, ಪಿಂಚಣಿ, ಬಿಪಿ, ಶುಗರ್, ಊರಲ್ಲಿರುವ ಜವಾಬ್ದಾರಿ ಹೊರುವವರ ಫೋನ್ ನಂಬರ್, ಕೊನೆಗೆ ಅಂತ್ಯಕ್ರಿಯೆ ಯಾರು ಮಾಡುತ್ತಾರೆ ಎಂಬ ಕಾಲಂ ಕೂಡ ಇತ್ತು. ಅದರ ಕೆಳಗೆ ಸಣ್ಣ ಅಕ್ಷರದಲ್ಲಿ ನಿಯಮಗಳು. ಸೇರುವಾಗ ತಮ್ಮ ಕೆಲಸ ತಾವು ಮಾಡಿಕೊಳ್ಳುವಂತಿರಬೇಕು. ಮುಂದೆ ಹಾಸಿಗೆ ಹಿಡಿದರೆ ಕಡೆಯವರು ಬಂದು ಕರೆದುಕೊಂಡು ಹೋಗಬೇಕು. ಆಶ್ರಮ ಬಡವರದ್ದಿರಲಿ, ಬಡಾವಣೆ ಶ್ರೀಮಂತರದ್ದಿರಲಿ, ಇದೊಂದು ನಿಯಮ ಮಾತ್ರ ಸ್ವಲ್ಪ ಭಾಷೆ ಬದಲಿಸಿಕೊಂಡು ಕಾಣಿಸುತ್ತಲೇ ಇತ್ತು. ಕೆಲವರು ಇದನ್ನು ನಯವಾಗಿ ಬರೆದಿದ್ದರು. ‘ಹೆಚ್ಚುವರಿ ಆರೈಕೆ ಬೇಕಾದಲ್ಲಿ ಪರ್ಯಾಯ ವ್ಯವಸ್ಥೆಯ ಬಗ್ಗೆ ಕುಟುಂಬದೊಂದಿಗೆ ಚರ್ಚಿಸಲಾಗುವುದು’ ಎಂದು. ಅರ್ಥ ಅದೇ.

ಅಂದಿನಿಂದ ವೃದ್ಧಾಶ್ರಮದ ಪ್ರಶ್ನೆಯನ್ನು ಮಕ್ಕಳ ಪ್ರೀತಿಯ ತಕ್ಕಡಿಗೆ ಹಾಕುವುದನ್ನು ಬಿಟ್ಟಿದ್ದೇನೆ. ಎದ್ದು ನಿಲ್ಲಲಾಗದ ದಿನ ಆ ಜಾಗ ನಿಮ್ಮನ್ನು ಇಟ್ಟುಕೊಳ್ಳುತ್ತದೆಯೇ? ಆಶ್ರಮಕ್ಕೂ ಬಡಾವಣೆಗೂ ಮಗನ ಮನೆಗೂ ಕೇಳಬೇಕಾದ್ದು ಇದು. ಉತ್ತರ ಯಾವ ಕಡೆಯಿಂದಲೂ ಸಮಾಧಾನಕರವಾಗಿಲ್ಲ.

ಮಗನ ಮನೆಯಿಂದಲೇ ಶುರು ಮಾಡೋಣ, ಯಾಕೆಂದರೆ ಬಹುಪಾಲು ಹಿರಿಯರು ಇರುವುದು ಇವತ್ತಿಗೂ ಅಲ್ಲೇ. 2011ರ ಜನಗಣತಿಯಲ್ಲಿ ದೇಶದ 60 ದಾಟಿದವರ ಸಂಖ್ಯೆ 10 ಕೋಟಿ ಮೀರಿತ್ತು. ಕರ್ನಾಟಕದಲ್ಲಿ ನೂರಕ್ಕೆ ಸುಮಾರು ಒಂಬತ್ತೂವರೆ ಮಂದಿ ಈ ವಯಸ್ಸಿನವರು. ಕೇಂದ್ರ ಆರೋಗ್ಯ ಸಚಿವಾಲಯ 2017–18ರಲ್ಲಿ ನಡೆಸಿ 2021ರಲ್ಲಿ ಬಿಡುಗಡೆ ಮಾಡಿದ ವೃದ್ಧಾಪ್ಯದ ಸಮೀಕ್ಷೆ ‘ಲಾಸಿ’ ಪ್ರಕಾರ ಹಿರಿಯರಲ್ಲಿ ಒಬ್ಬಂಟಿಯಾಗಿ ಇರುವವರು ನೂರಕ್ಕೆ ಆರರಷ್ಟು. ಅಂದರೆ ನಾವು ಭಾಷಣದಲ್ಲಿ ಸತ್ತುಹೋಯಿತೆಂದು ಅಳುವ ಕುಟುಂಬ ಇನ್ನೂ ಸತ್ತಿಲ್ಲ. ಆದರೆ ಅದು ಎಂದಾದರೂ ನಾವು ನೆನೆಯುವಷ್ಟು ಚೆನ್ನಾಗಿತ್ತೇ?

ಬಿ.ಆರ್. ಪಂತುಲು ಅವರ ‘ಸ್ಕೂಲ್ ಮಾಸ್ಟರ್’ ಬಂದದ್ದು 1958ರಲ್ಲಿ. ಆಗ ಐ.ಟಿ. ಇರಲಿಲ್ಲ, ಅಮೆರಿಕದ ವೀಸಾ ನಮ್ಮ ಬೀದಿಗೆ ಬಂದಿರಲಿಲ್ಲ, ‘ಪಾಶ್ಚಾತ್ಯ ಸಂಸ್ಕೃತಿ’ಯನ್ನು ಬೈಯಲು ಟಿ.ವಿ.ಯೂ ಇರಲಿಲ್ಲ. ಆದರೂ ಆ ಚಿತ್ರದ ಮೇಷ್ಟ್ರು ದಂಪತಿ ಮುಪ್ಪಿನಲ್ಲಿ ಮಕ್ಕಳ ನಡುವೆ ಹಂಚಿಹೋಗುತ್ತಾರೆ, ಗಂಡ ಒಂದು ಕಡೆ, ಹೆಂಡತಿ ಒಂದು ಕಡೆ. ಪ್ರೇಕ್ಷಕರು ಕಣ್ಣೀರಿಟ್ಟದ್ದು ಅದು ತಮಗೆ ಗೊತ್ತಿದ್ದ ಸಂಗತಿಯಾದ್ದರಿಂದ. ನಮ್ಮ ಹಳ್ಳಿಗಳಲ್ಲಿ ಮನೆ ಪಾಲಾದಾಗ ಎತ್ತು, ಗದ್ದೆ, ಹಂಡೆಯ ಜೊತೆಗೆ ಅಪ್ಪ ಹಿರಿಯವನ ಪಾಲಿಗೆ, ಅವ್ವ ಕಿರಿಯವನ ಪಾಲಿಗೆ ಎಂದು ಮಾತಾಗುವುದು ಹೊಸದಲ್ಲ. ತಿಂಗಳಿಗೊಬ್ಬರ ಮನೆ ಎಂಬ ಪಾಳಿಯೂ ಹಳೆಯದೇ. ಅಮಾವಾಸ್ಯೆಗೆ ಬರಬೇಕಾದ ಅಮ್ಮ ಎರಡು ದಿನ ಮೊದಲೇ ಬಂದಳೆಂದು ಅಣ್ಣತಮ್ಮಂದಿರ ನಡುವೆ ಮಾತು ನಿಂತುಹೋದ ಮನೆ ನನಗೆ ಗೊತ್ತು. 2007ರಲ್ಲಿ ‘ಈ ಬಂಧನ’ ಬಂತು. ಹಿಂದಿಯ ‘ಬಾಗ್‌ಬಾನ್’ ಆಧರಿಸಿದ ಆ ಚಿತ್ರದಲ್ಲೂ ಅದೇ ಹಂಚಿಕೆ, ವಿಷ್ಣುವರ್ಧನ್ ಮತ್ತು ಜಯಪ್ರದಾ ದೂರದೂರ. ಅರ್ಧ ಶತಮಾನದ ಅಂತರದಲ್ಲಿ ಕಥೆ ಒಂದಿಂಚೂ ಕದಲಿಲ್ಲ. ಪರಿಹಾರವೂ ಕದಲಿಲ್ಲ: ಹಳೆಯ ಶಿಷ್ಯನೋ ಸಾಕಿ ಬೆಳೆಸಿದವನೋ ಬಂದು ಕೈಹಿಡಿಯುತ್ತಾನೆ. ಸಿನಿಮಾ ಮುಗಿಯುವಾಗ ದಂಪತಿ ಮತ್ತೆ ಒಂದಾಗಿರುತ್ತಾರೆ, ಇಬ್ಬರೂ ಆರೋಗ್ಯವಾಗಿ ನಡೆದಾಡುತ್ತಿರುತ್ತಾರೆ. ಅವರಲ್ಲೊಬ್ಬರಿಗೆ ಲಕ್ವ ಹೊಡೆದಿದ್ದರೆ ಕಥೆ ಎಲ್ಲಿಗೆ ಹೋಗುತ್ತಿತ್ತೋ.

ಈ ಸಾಲಿನಿಂದ ಹೊರಗೆ ನಿಂತದ್ದು 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’. ಹೇಮಂತ್ ರಾವ್ ಅವರ ಮೊದಲ ಚಿತ್ರ. ಅನಂತ್ ನಾಗ್ ಮಾಡಿದ ವೆಂಕೋಬರಾವ್‌ಗೆ ಆಲ್ಜೈಮರ್. ಮಗ ಮುಂಬೈನಲ್ಲಿ, ಅಪ್ಪ ಬೆಂಗಳೂರಿನ ಆರೈಕೆ ಕೇಂದ್ರದಲ್ಲಿ. ಇಲ್ಲಿ ಆಶ್ರಮ ಖಳನಾಯಕನಲ್ಲ, ಮಗನೂ ಅಲ್ಲ. ಅಪ್ಪ ಕಾಣೆಯಾಗುವುದು ಕೇಂದ್ರದ ಒಳಗಿನಿಂದಲ್ಲ, ಮಗ ಹೊರಗೆ ಕರೆದುಕೊಂಡು ಹೋದ ದಿನ, ಅವನ ಅಸಡ್ಡೆಯಿಂದ. ಆರೈಕೆಯನ್ನು ಕಲಿತು ಮಾಡಬೇಕಾದ ಕೆಲಸ ಎಂದು, ರಕ್ತಸಂಬಂಧವೊಂದೇ ಅದಕ್ಕೆ ಸಾಲದು ಎಂದು ಇಷ್ಟು ಸ್ಪಷ್ಟವಾಗಿ ತೋರಿಸಿದ ಇನ್ನೊಂದು ಕನ್ನಡ ಚಿತ್ರ ನನಗೆ ನೆನಪಿಗೆ ಬರುತ್ತಿಲ್ಲ. ಕೇಂದ್ರದಲ್ಲಿ ವೆಂಕೋಬರಾವ್ ಜೊತೆ ಇರುವ ಡಾಕ್ಟರು ಅವರ ಮಾತನ್ನು ಪೂರ್ತಿ ಕೇಳುತ್ತಾಳೆ; ಮಗನಿಗೆ ಆ ಪುರುಸೊತ್ತು ಇಲ್ಲ. ವಾಸ್ತವದಲ್ಲಿ ಅಂಥ ಡಾಕ್ಟರು ತಿಂಗಳಿಗೆ ಎಷ್ಟು ಕೊಟ್ಟರೆ ಸಿಗುತ್ತಾಳೆ ಎಂದು ಚಿತ್ರ ಕೇಳುವುದಿಲ್ಲ, ಕೇಳಬೇಕೆಂದೂ ಇಲ್ಲ.

ಮನೆಯ ಬಗ್ಗೆ ಮಾತಾಡುವಾಗ ನಾವು ಮುಚ್ಚಿಡುವುದು ಸೊಸೆಯ ವಿಷಯ. ‘ನಾವು ಅಮ್ಮನನ್ನು ಕೊನೆತನಕ ಮನೆಯಲ್ಲೇ ನೋಡಿಕೊಂಡೆವು’ ಎಂದು ಎದೆ ತಟ್ಟಿ ಹೇಳುವ ಗಂಡಸರನ್ನು ಒಂದು ಪ್ರಶ್ನೆ ಕೇಳಬೇಕು: ಬೆಡ್‌ಪ್ಯಾನ್ ತೆಗೆದವರು ಯಾರು? ಬೆನ್ನಿನ ಹುಣ್ಣಿಗೆ ಔಷಧಿ ಹಚ್ಚಿದವರು, ರಾತ್ರಿ ಮೂರಕ್ಕೆ ಎದ್ದು ಮಗ್ಗಲು ಬದಲಿಸಿದವರು ಯಾರು? ನಮ್ಮ ಸಿನಿಮಾಗಳಲ್ಲಿ ಸೊಸೆಯೇ ಕೆಟ್ಟವಳು, ನಮ್ಮ ಮನೆಗಳಲ್ಲಿ ಸೊಸೆಯೇ ದಾದಿ. ಸಂಬಳವಿಲ್ಲ, ಪಾಳಿ ಬದಲಾವಣೆಯಿಲ್ಲ, ಹೊಗಳಿಕೆ ಮಾತ್ರ ಮಗನಿಗೆ. ಹೆತ್ತವರನ್ನು ನೋಡಿಕೊಳ್ಳುವ ಹೊಣೆಯನ್ನು ಮಕ್ಕಳಿಗೆ ಹೊರಿಸುವ ಹಿರಿಯರ ಕಾಯ್ದೆಯೂ ಅವಳ ಮೇಲೆ ತಿರುಗಿಬಿದ್ದ ಉದಾಹರಣೆಯಿದೆ. ಬೆಂಗಳೂರಿನ ಪ್ರಕರಣವೊಂದರಲ್ಲಿ ಅತ್ತೆ ಮಾವ ಇದೇ ಕಾಯ್ದೆ ಹಿಡಿದು ಸೊಸೆಯನ್ನು ಮನೆಯಿಂದ ಹೊರಡಿಸಲು ಆದೇಶ ಪಡೆದಿದ್ದರು. ಹಂಚಿಕೊಂಡು ಬಾಳಿದ ಮನೆಯಲ್ಲಿ ಇರುವ ಅವಳ ಹಕ್ಕನ್ನು ಈ ಕಾಯ್ದೆ ಅಳಿಸಿಹಾಕಲಾರದು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರಿನಲ್ಲಿ ಹೇಳಬೇಕಾಯಿತು. ಹಿರಿಯರು ಮನೆಯಲ್ಲೇ ಇರಬೇಕು ಎನ್ನುವವರು ಆ ಮನೆಯ ಹೆಂಗಸು ತನ್ನ ಕೆಲಸ ಬಿಡಬೇಕು ಎನ್ನುವುದನ್ನೂ ಬಾಯಿಬಿಟ್ಟು ಹೇಳಲಿ. ಆಗ ಚರ್ಚೆ ಪ್ರಾಮಾಣಿಕವಾಗುತ್ತದೆ.

ಇನ್ನು ದುಬಾರಿ ಬಡಾವಣೆಗಳು. ದಕ್ಷಿಣದಲ್ಲಿ ಇವುಗಳ ತವರು ಕೊಯಮತ್ತೂರು. ಅಲ್ಲಿಂದ ಬೆಂಗಳೂರಿಗೆ, ವೈಟ್‌ಫೀಲ್ಡ್, ದೇವನಹಳ್ಳಿ, ಕನಕಪುರ ರಸ್ತೆಯ ಕಡೆಗೂ ಹಬ್ಬಿವೆ. ಇವನ್ನು ತಳ್ಳಿಹಾಕುವ ಮನಸ್ಸು ನನಗಿಲ್ಲ. ಮೆಟ್ಟಿಲಿಲ್ಲದ ಓಡಾಟ, ಜಾರದ ನೆಲ, ಬಚ್ಚಲಲ್ಲಿ ಹಿಡಿದುಕೊಳ್ಳಲು ಕಂಬಿ, ಕೂಗಿದರೆ ಬರುವ ನರ್ಸ್, ಇವೆಲ್ಲ ನಮ್ಮ ಜಯನಗರ ಮಲ್ಲೇಶ್ವರದ ಎರಡಂತಸ್ತಿನ ಮನೆಗಳಲ್ಲಿ ಇಲ್ಲ. ಮಕ್ಕಳಿಗೆಂದು ಮೇಲೆ ಕಟ್ಟಿಸಿದ ರೂಮಿಗೆ ಹತ್ತಲಾರದೆ, ಕೆಳಗಿನ ಹಾಲಿನಲ್ಲಿ ಮಂಚ ಹಾಕಿಕೊಂಡು, ಬಾಗಿಲಿಗೆ ಮೂರು ಬೀಗ ಜಡಿದು ಕೂತ ದಂಪತಿಗಿಂತ ಇಲ್ಲಿನವರು ಖುಷಿಯಾಗಿದ್ದಾರೆ. ಇದನ್ನು ನಾನು ಕಣ್ಣಾರೆ ಕಂಡಿದ್ದೇನೆ. ಬ್ಯಾಂಕಿನಿಂದ ನಿವೃತ್ತರಾದ ಹೆಂಗಸೊಬ್ಬರು, ‘ನಲವತ್ತು ವರ್ಷದಲ್ಲಿ ಮೊದಲ ಸಲ ಬೆಳಗ್ಗೆ ಏನು ತಿಂಡಿ ಅಂತ ಯೋಚನೆ ಮಾಡದೆ ಏಳ್ತಿದೀನಿ’ ಎಂದರು. ಆ ಮಾತಿಗೆ ಎದುರಾಡುವ ಧೈರ್ಯ ಯಾವ ಸಂಸ್ಕೃತಿ ರಕ್ಷಕನಿಗೂ ಇರಬಾರದು.

ತೊಂದರೆ ಇರುವುದು ಮಾರುವ ಸರಕಿನಲ್ಲಿ. ಈ ಬಡಾವಣೆಗಳು ಮಾರುತ್ತಿರುವುದು ಅರುವತ್ತೈದರಿಂದ ಎಪ್ಪತ್ತೈದರವರೆಗಿನ ಬದುಕನ್ನು. ಕೈಕಾಲು ಗಟ್ಟಿಯಿರುವ, ಬೇಕೆಂದರೆ ಎಲ್ಲಿ ಬೇಕಾದರೂ ಇರಬಲ್ಲ ಹತ್ತು ವರ್ಷ ಅದು. ಮುಂದಿನ ವರ್ಷಗಳ ಬಗ್ಗೆ ಒಪ್ಪಂದದಲ್ಲಿ ಸರಿಯಾದ ಮಾತಿಲ್ಲ. ಲಕ್ಷಗಟ್ಟಲೆ ಕೊಟ್ಟು ಫ್ಲ್ಯಾಟ್ ಕೊಳ್ಳಬಹುದು ಅಥವಾ ಠೇವಣಿ ಇಡಬಹುದು. ಆದರೆ ನಿರ್ವಹಣಾ ಶುಲ್ಕ ವರ್ಷವರ್ಷ ಏರುತ್ತದೆ, ಬ್ಯಾಂಕಿನ ಎಫ್.ಡಿ. ಬಡ್ಡಿ ಏರುವುದಿಲ್ಲ. ಗಂಡ ಹೋದ ಮೇಲೆ ಅರ್ಧ ಪಿಂಚಣಿಯಲ್ಲಿ ಹೆಂಡತಿ ಅಲ್ಲೇ ಉಳಿಯಬಲ್ಲಳೇ? ಮರೆವು ಶುರುವಾದವರನ್ನು ಎಲ್ಲಿಗೆ ಕಳಿಸುತ್ತಾರೆ? ನಿರ್ವಹಣೆ ವಹಿಸಿಕೊಂಡ ಕಂಪನಿ ಮುಚ್ಚಿದರೆ ಅಡುಗೆಮನೆ ಯಾರದ್ದು? ಕೇಂದ್ರದ ವಸತಿ ಸಚಿವಾಲಯ 2019ರಲ್ಲಿ ಇಂಥ ಬಡಾವಣೆಗಳಿಗೆ ಮಾದರಿ ಮಾರ್ಗಸೂಚಿ ಹೊರಡಿಸಿತು. ಮಾರ್ಗಸೂಚಿ ಎಂದ ಮೇಲೆ ಅದು ರಾಜ್ಯಗಳಿಗೆ ಸಲಹೆ ಮಾತ್ರ. ಸೇಲ್ಸ್‌ನ ಹುಡುಗನಿಗೆ ಈ ಪ್ರಶ್ನೆಗಳನ್ನು ಕೇಳಿದಾಗ ಆತ ತೋರಿಸಿದ್ದು ಮಿನಿ ಥಿಯೇಟರನ್ನು.

ಮತ್ತೊಂದು ವಿಷಯ ಯಾರೂ ಬರೆಯುವುದಿಲ್ಲ. ‘ಶುದ್ಧ ಸಸ್ಯಾಹಾರಿ’ ಎಂಬ ಹಲಗೆ. ಬೆಂಗಳೂರಿನಲ್ಲಿ ನೋಡಿದ ಹೆಚ್ಚಿನ ಕಡೆ, ಅಗ್ಗದಲ್ಲೂ ದುಬಾರಿಯಲ್ಲೂ, ಇದು ಇತ್ತು. ಮಾಂಸ ತಿನ್ನುವುದು ಬಿಡುವುದು ಅವರವರ ಇಷ್ಟ. ಆದರೆ ಎಂಬತ್ತು ವರ್ಷ ಮುದ್ದೆ, ಕೋಳಿಸಾರು, ಬಂಗುಡೆ ತಿಂದು ಬೆಳೆದವರಿಗೆ ಕೊನೆಯ ಕಾಲದಲ್ಲಿ ಬೇರೆಯವರ ಅಡುಗೆಮನೆಯ ಶಿಸ್ತು ಕಲಿಸುವುದು ಆರೈಕೆಯಲ್ಲ. ಅದು ಯಾರು ಬರಬೇಕು, ಯಾರು ಬರಬಾರದು ಎಂಬುದನ್ನು ಜಾತಿಯ ಹೆಸರೆತ್ತದೆ ತೀರ್ಮಾನಿಸುವ ದಾರಿ.

ಧರ್ಮಾರ್ಥ ಆಶ್ರಮಗಳ ಕಥೆ ಬೇರೆ. ಹೊಸೂರು ರಸ್ತೆಯ ‘ಲಿಟಲ್ ಸಿಸ್ಟರ್ಸ್ ಆಫ್ ದಿ ಪೂರ್’ ಕನ್ಯಾಸ್ತ್ರೀಯರ ಮನೆಯಂಥವು ಒಂದು ಶತಮಾನಕ್ಕೂ ಹೆಚ್ಚು ಕಾಲದಿಂದ ಗತಿಯಿಲ್ಲದ ಮುದುಕರನ್ನು ನೋಡಿಕೊಂಡಿವೆ. ಆ ಮಾದರಿಯನ್ನು ಗೌರವದಿಂದಲೇ ನೆನೆಯಬೇಕು. ನಾನು ಹೇಳುತ್ತಿರುವುದು ಈಚೆಗೆ ಬಡಾವಣೆಯ ಬಾಡಿಗೆ ಮನೆಗಳಲ್ಲಿ, ಟ್ರಸ್ಟ್ ಹೆಸರಿನಲ್ಲಿ, ದಾನಿಗಳನ್ನೇ ನಂಬಿ ನಡೆಯುವ ಆಶ್ರಮಗಳ ಬಗ್ಗೆ. ಒಂದು ಭಾನುವಾರ ಅಂಥದ್ದೊಂದು ಆಶ್ರಮಕ್ಕೆ ಹೋಗಿದ್ದೆ. ಬಾಗಿಲಲ್ಲಿ ಕಪ್ಪು ಹಲಗೆ, ಇಂದಿನ ಅನ್ನದಾನ ಯಾರದ್ದು, ಯಾರ ಹುಟ್ಟುಹಬ್ಬ ಎಂದು ಸೀಮೆಸುಣ್ಣದಲ್ಲಿ ಬರೆದಿತ್ತು. ಹನ್ನೆರಡೂವರೆಗೆ ಎಲೆ ಹಾಕಿ ಕೂರಿಸಿದರು. ದಾನಿಯ ಕುಟುಂಬ ಬಂದದ್ದು ಒಂದೂ ಕಾಲಿಗೆ. ಎರಡು ವರ್ಷದ ಮಗುವನ್ನು ಎತ್ತಿಕೊಂಡು ಪಂಕ್ತಿಯ ತುದಿಯಲ್ಲಿ ನಿಂತು ಫೋಟೊ, ನಡುವೆ ನಿಂತು ಫೋಟೊ, ಎಲ್ಲರೂ ಚಪ್ಪಾಳೆ ತಟ್ಟಿ ಹಾಡಿದ ಮೇಲೆ ಕೇಕು. ಆಮೇಲೆ ಬಡಿಸಿದ್ದು ಪೂರಿ, ಪಲಾವ್, ಜಿಲೇಬಿ. ಪಂಕ್ತಿಯಲ್ಲಿದ್ದವರಲ್ಲಿ ಅರ್ಧಕ್ಕರ್ಧ ಸಕ್ಕರೆ ಕಾಯಿಲೆಯವರು. ಒಬ್ಬ ಅಜ್ಜ ಜಿಲೇಬಿಯನ್ನು ಎರಡು ಬೆರಳಲ್ಲಿ ಎತ್ತಿ ಪಕ್ಕದ ಎಲೆಗೆ ದಾಟಿಸಿ ಮಜ್ಜಿಗೆಗೆ ಕೈಚಾಚಿದರು. ಹೋಗುವಾಗ ಕುಟುಂಬ ಹತ್ತು ಕಂಬಳಿ ಕೊಟ್ಟಿತು. ಉಗ್ರಾಣದಲ್ಲಿ ಆಗಲೇ ಅಟ್ಟದವರೆಗೆ ಕಂಬಳಿ ಇತ್ತು.

ಮೇಲ್ವಿಚಾರಕಿಯನ್ನು ಕೇಳಿದೆ, ನಿಜಕ್ಕೂ ಏನು ಬೇಕು ಎಂದು. ‘ರಾತ್ರಿಗೆ ಇನ್ನೊಬ್ಬಳು ಆಯಾ. ಡೈಪರು. ಅದಕ್ಕೆ ಯಾರೂ ದುಡ್ಡು ಕೊಡಲ್ಲ ಸಾರ್, ಅದರ ಫೋಟೊ ತೆಗೆಯೋಕಾಗಲ್ಲ’ ಎಂದರು. ಈ ಲೇಖನದಲ್ಲಿ ನಾನು ಹೇಳಬೇಕಾದ್ದರಲ್ಲಿ ಅರ್ಧವನ್ನು ಆಕೆ ಒಂದೇ ಉಸಿರಿನಲ್ಲಿ ಹೇಳಿದ್ದರು. ನಮ್ಮ ದಾನ ಮಧ್ಯಾಹ್ನದ್ದು. ಮುಪ್ಪಿನ ಕಷ್ಟ ರಾತ್ರಿಯದ್ದು.

ಆ ರಾತ್ರಿಯನ್ನು ನಡೆಸುವವರು ಆಯಾಗಳು. ಹನ್ನೆರಡು ಗಂಟೆಯ ಪಾಳಿ, ಒಂದು ಮಹಡಿಗೆ ಒಬ್ಬಳು ಅಥವಾ ಇಬ್ಬರು. ಎಲ್ಲರನ್ನೂ ಎತ್ತಿ, ತಿರುಗಿಸಿ, ತೊಳೆದು ಮುಗಿಸುವ ಹೊತ್ತಿಗೆ ಮೊದಲನೆಯವರ ಬಟ್ಟೆ ಮತ್ತೆ ಒದ್ದೆಯಾಗಿರುತ್ತದೆ. ತರಬೇತಿ ಎನ್ನುವುದು ಹಳಬರು ಹೊಸಬರಿಗೆ ತೋರಿಸಿಕೊಟ್ಟದ್ದಷ್ಟೇ. ಬೆಂಗಳೂರಿನಲ್ಲಿ ಈಗ ಈ ಕೆಲಸಕ್ಕೆ ಬರುವವರಲ್ಲಿ ಒಡಿಶಾ, ಜಾರ್ಖಂಡ್, ಈಶಾನ್ಯ ರಾಜ್ಯಗಳ ಹುಡುಗಿಯರು ಬಹಳ. ಕಷ್ಟಪಟ್ಟು ದುಡಿಯುತ್ತಾರೆ, ಅವರ ಮೇಲೆ ನನಗೆ ದೂರಿಲ್ಲ. ಆದರೆ ಮರೆವಿನ ಕಾಯಿಲೆಯಲ್ಲಿ ಆಮೇಲೆ ಕಲಿತ ಭಾಷೆ ಮೊದಲು ಹೋಗಿ ತಾಯ್ನುಡಿ ಉಳಿಯುವುದು ಸಾಮಾನ್ಯ. ಸರ್ಕಾರಿ ಕಚೇರಿಯಲ್ಲಿ ಇಂಗ್ಲಿಷ್ ಟಿಪ್ಪಣಿ ಬರೆದು ನಿವೃತ್ತರಾದ ಅಜ್ಜಿಯೊಬ್ಬರು ಮಗುವಿನ ಹಾಗೆ ‘ಉಚ್ಚೆ, ಉಚ್ಚೆ’ ಎನ್ನುತ್ತಿದ್ದರು. ಆಯಾ ಓಡಿಬಂದು ನೀರಿನ ಲೋಟ ಹಿಡಿದಳು. ಅಜ್ಜಿ ಲೋಟ ತಳ್ಳಿದರು, ಹಾಸಿಗೆ ಒದ್ದೆಯಾಯಿತು, ಇಬ್ಬರೂ ಅತ್ತರು. ನೂರು ಕನ್ನಡದ ಮಾತುಗಳನ್ನು ಆಯಾಗಳಿಗೆ ಕಲಿಸಲು ವಾರ ಸಾಕು. ನಾನು ನೋಡಿದ ಯಾವ ಜಾಗದಲ್ಲೂ ಯಾರೂ ಕಲಿಸಿರಲಿಲ್ಲ. ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟ್‌ನಂಥ ಸಂಸ್ಥೆಗಳು ಬೆಂಗಳೂರಿನಲ್ಲಿ ಮರೆವಿನ ಕಾಯಿಲೆಗೆಂದೇ ಕೇಂದ್ರ ನಡೆಸುತ್ತಿವೆ. ಆ ಪರಿಣತಿ ಇಂಥ ಸಣ್ಣ ಆಶ್ರಮಗಳಿಗೆ ಹರಿದುಬರುವ ವ್ಯವಸ್ಥೆ ಆಗಬೇಕು.

ಹಾಗಾದರೆ ಒಳ್ಳೆಯದು ಯಾವುದೂ ಇಲ್ಲವೇ? ಇದೆ. ಮೈಸೂರಿನ ಹೊರವಲಯದಲ್ಲಿ ಹೆಂಗಸರಿಬ್ಬರು ಸೇರಿ ನಡೆಸುವ ಪುಟ್ಟ ಮನೆಯೊಂದನ್ನು ಕಂಡೆ. ಈಜುಕೊಳ ಇಲ್ಲ, ಗೋಡೆಯ ಬಣ್ಣ ಹೋಗಿದೆ. ನಾನು ಹೋದದ್ದು ಅವರೆಕಾಯಿಯ ಕಾಲದಲ್ಲಿ. ಹಜಾರದಲ್ಲಿ ಆರೇಳು ಅಜ್ಜಿಯರು ಸೊಗಡಿನ ಕಾಯಿ ಸುಲಿದು, ನೆನೆಸಿದ ಕಾಳನ್ನು ಹಿತುಕುತ್ತಾ ಕೂತಿದ್ದರು. ಒಬ್ಬರ ಬೇಳೆ ನುಜ್ಜಾಗಿದೆಯೆಂದು ಇನ್ನೊಬ್ಬರು ಬೈದರು. ‘ನಿಮ್ಮ ಮಂಡ್ಯದ ಕಡೆ ಹಿಂಗೇ ಹಿತುಕೋದು, ಸಾರಿಗೆ ಬೇಳೆಯೇ ಇರಲ್ಲ’ ಎಂದು ಮೂರನೆಯವರು. ಮೂಲೆಯ ಹಾಸಿಗೆಯಲ್ಲಿ ಪಾರ್ಶ್ವವಾಯು ಬಡಿದ ಒಬ್ಬರು ಮಲಗಿದ್ದರು. ಅವರ ಎಡಗೈಯ ಹತ್ತಿರವೂ ಒಂದು ಬಟ್ಟಲು ಕಾಳು. ಆ ಕೈಯಿಂದ ಹಿತುಕಿದ್ದು ನಾಲ್ಕೋ ಐದೋ ಇರಬಹುದು, ಆದರೆ ಆ ಬಟ್ಟಲನ್ನು ಯಾರೂ ಎತ್ತಿಡಲಿಲ್ಲ. ಬೇರೆ ಕಡೆ ಅಡುಗೆಮನೆಯ ಬಾಗಿಲಿಗೆ ‘ನಿವಾಸಿಗಳಿಗೆ ಪ್ರವೇಶವಿಲ್ಲ’ ಎಂದು ಹಲಗೆ ತೂಗಿತ್ತು. ಐವತ್ತು ವರ್ಷ ಒಲೆ ನಡೆಸಿದವರಿಗೆ ಒಲೆಯ ಹತ್ತಿರ ಹೋಗಬೇಡಿ ಎನ್ನುವುದು ಸುರಕ್ಷತೆಯ ಹೆಸರಿನಲ್ಲಿ ಮಾಡುವ ಅವಮಾನ. ಇಲ್ಲಿ ಜಗಳವಾಡಲು ಕಾರಣವಿತ್ತು, ಜಗಳ ಕೇಳಲು ಮಲಗಿದವರಿಗೂ ಜಾಗವಿತ್ತು. ಆ ಮನೆಯವರು ಹಾಸಿಗೆ ಹಿಡಿದವರನ್ನು ಹೊರಗೆ ಕಳಿಸುವುದಿಲ್ಲ. ಹಾಗಾಗಿಯೇ ಅಲ್ಲಿ ಖಾಲಿ ಜಾಗವೂ ಇರಲಿಲ್ಲ.

ಹಾಸಿಗೆ ಹಿಡಿದವರನ್ನೂ ಇಟ್ಟುಕೊಳ್ಳಬಹುದು ಎಂಬುದಕ್ಕೆ ಬೆಂಗಳೂರಿನಲ್ಲಿ ಇನ್ನೊಂದು ಪುರಾವೆ ‘ಕರುಣಾಶ್ರಯ’. 1994ರಲ್ಲಿ ಶುರುವಾದ ಈ ಸಂಸ್ಥೆ ಮಾರತ್ತಹಳ್ಳಿಯಲ್ಲಿ ವಾಸಿಯಾಗುವ ಹಂತ ದಾಟಿದ ಕ್ಯಾನ್ಸರ್ ರೋಗಿಗಳನ್ನು ಉಚಿತವಾಗಿ ಇಟ್ಟುಕೊಂಡು ನೋಡುತ್ತದೆ. ಬೇರೆಯವರು ಯಾರನ್ನು ಬೇಡವೆನ್ನುತ್ತಾರೋ ಅವರೇ ಇಲ್ಲಿಯ ಅತಿಥಿಗಳು. ತಾಯಿಯನ್ನು ಕರುಣಾಶ್ರಯಕ್ಕೆ ಸೇರಿಸಿದ ಮಗನನ್ನು ಯಾರೂ ಕೃತಘ್ನ ಎನ್ನುವುದಿಲ್ಲ ಎಂಬುದನ್ನು ಗಮನಿಸಿ. ಅಲ್ಲಿ ಆರೈಕೆ ನಿಜವಾಗಿ ಸಿಗುತ್ತದೆ ಎಂದು ಎಲ್ಲರಿಗೂ ಗೊತ್ತಿರುವುದರಿಂದ ನಾಚಿಕೆಯ ಪ್ರಶ್ನೆಯೇ ಏಳುವುದಿಲ್ಲ. ಆದರೆ ಕ್ಯಾನ್ಸರ್ ಬರದೆ, ಬರೀ ವಯಸ್ಸಾಗಿ, ಮೆಲ್ಲಗೆ ಸವೆಯುವವರಿಗೆ ಅಂಥ ಜಾಗ ಎಲ್ಲಿದೆ?

ಸರ್ಕಾರದ ಪಾಲು ಈಗ ನೋಡೋಣ. ಹೆತ್ತವರ ಮತ್ತು ಹಿರಿಯ ನಾಗರಿಕರ ಪಾಲನೆಯ ಕಾಯ್ದೆ 2007ರದ್ದು. ನೋಡಿಕೊಳ್ಳದ ಮಕ್ಕಳ ಮೇಲೆ ಉಪವಿಭಾಗಾಧಿಕಾರಿಯ ನ್ಯಾಯಮಂಡಳಿಗೆ ದೂರು ಕೊಡಬಹುದು; ತಿಂಗಳಿಗೆ ಗರಿಷ್ಠ 10,000 ರೂಪಾಯಿವರೆಗೆ ಜೀವನಾಂಶ. ನೋಡಿಕೊಳ್ಳುವ ಷರತ್ತಿನ ಮೇಲೆ ಬರೆದುಕೊಟ್ಟ ಆಸ್ತಿಯನ್ನು ವಾಪಸ್ ಪಡೆಯಬಹುದು. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಮಗನಿಗೆ ತಾಯಿ ಬರೆದ ದಾನಪತ್ರವೊಂದನ್ನು ಹೀಗೆ ರದ್ದು ಮಾಡಿತು. ಹಿರಿಯರನ್ನು ತೊರೆದುಹೋದವರಿಗೆ ಮೂರು ತಿಂಗಳವರೆಗೆ ಜೈಲು, ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ಇವೆಲ್ಲ ಮಕ್ಕಳ ಮೇಲಿನ ಹೊಣೆ. ಇದೇ ಕಾಯ್ದೆಯ 19ನೇ ಕಲಂ ಜಿಲ್ಲೆಗೊಂದಾದರೂ, ಕನಿಷ್ಠ 150 ನಿರ್ಗತಿಕ ಹಿರಿಯರಿಗೆ ಜಾಗವಿರುವ ವೃದ್ಧಾಶ್ರಮವನ್ನು ರಾಜ್ಯ ಸರ್ಕಾರ ಹಂತಹಂತವಾಗಿ ಸ್ಥಾಪಿಸಬಹುದು ಎನ್ನುತ್ತದೆ. ಸ್ಥಾಪಿಸದಿದ್ದರೆ ಯಾರಿಗೂ ಜೈಲಿಲ್ಲ, ದಂಡವಿಲ್ಲ. ಮಗ ತಪ್ಪಿದರೆ ಅಪರಾಧ, ಸರ್ಕಾರ ತಪ್ಪಿದರೆ ಹಂತಹಂತ.

2025ರಲ್ಲಿ ಬೆಳಗಾವಿಯ ವೈದ್ಯಕೀಯ ಕಾಲೇಜು ಆಸ್ಪತ್ರೆಯಲ್ಲಿ ವಯಸ್ಸಾದವರನ್ನು ಬಿಟ್ಟುಹೋಗುವ ಪ್ರಕರಣಗಳು ಸುದ್ದಿಯಾದವು. ಅಂಥ ಮಕ್ಕಳಿಗೆ ಬರೆದುಕೊಟ್ಟ ಆಸ್ತಿ ರದ್ದಾಗುವಂತೆ ಕ್ರಮ ಕೈಗೊಳ್ಳಿ ಎಂದು ವೈದ್ಯಕೀಯ ಶಿಕ್ಷಣ ಸಚಿವ ಶರಣಪ್ರಕಾಶ ಪಾಟೀಲರು ಸೂಚಿಸಿದರು. ಸೂಚನೆ ಸರಿಯೇ. ಆದರೆ ಸರ್ಕಾರಿ ಆಸ್ಪತ್ರೆಯ ಜನರಲ್ ವಾರ್ಡಿನಲ್ಲಿ ತಾಯಿಯನ್ನು ಬಿಟ್ಟುಹೋಗುವವರಲ್ಲಿ ಬರೆಸಿಕೊಳ್ಳಲು ಆಸ್ತಿ ಇದ್ದವರು ಎಷ್ಟು ಮಂದಿ ಇದ್ದಾರು? ದಿನಗೂಲಿಯವನು ಅಮ್ಮನ ಪಕ್ಕ ಕೂತರೆ ಅಂದಿನ ಕೂಲಿ ಇಲ್ಲ. ಅವನು ಮಾಡಿದ್ದನ್ನು ನಾನು ಸಮರ್ಥಿಸುತ್ತಿಲ್ಲ. ಅವನ ಮುಂದೆ ಇನ್ನೊಂದು ಬಾಗಿಲು ತೆರೆದಿತ್ತೇ ಎಂದು ಕೇಳುತ್ತಿದ್ದೇನೆ. ರಾಜ್ಯದ ಸಂಧ್ಯಾ ಸುರಕ್ಷಾ ಪಿಂಚಣಿ ತಿಂಗಳಿಗೆ 1,200 ರೂಪಾಯಿ. ಕಾರ್ಖಾನೆಯಲ್ಲಿ ದುಡಿದು ನಿವೃತ್ತರಾದವರ ಇ.ಪಿ.ಎಸ್. ಪಿಂಚಣಿಯ ಕನಿಷ್ಠ ಮೊತ್ತ 2014ರಿಂದ 1,000. ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತು ವರ್ಷ ಹೊಲಿದ ಹೆಂಗಸಿಗೆ ಸಿಗುವ ಪಿಂಚಣಿಯಲ್ಲಿ ತಿಂಗಳ ಡೈಪರಿನ ಖರ್ಚೂ ಹುಟ್ಟುವುದಿಲ್ಲ. 2024ರಲ್ಲಿ ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆಯುಷ್ಮಾನ್ ವಿಮೆ ವಿಸ್ತರಿಸಿತು, 5 ಲಕ್ಷದವರೆಗೆ. ಅದು ಆಸ್ಪತ್ರೆಗೆ ಸೇರಿದರೆ ಸಿಗುವ ಹಣ. ಡಿಸ್ಚಾರ್ಜ್ ಆಗಿ ಮನೆಗೆ ಬಂದು ವರ್ಷಗಟ್ಟಲೆ ಮಲಗಿದವರನ್ನು ಎತ್ತಿ ಕೂರಿಸುವವರಿಗೆ ಅದರಿಂದ ಬಿಡಿಗಾಸೂ ಇಲ್ಲ. ಜಪಾನ್ 2000ನೇ ಇಸವಿಯಲ್ಲೇ ಈ ದೀರ್ಘಕಾಲದ ಆರೈಕೆಗೆಂದೇ ವಿಮೆ ತಂದಿತು. ನಲವತ್ತು ತುಂಬಿದವರೆಲ್ಲ ಕಂತು ಕಟ್ಟುತ್ತಾರೆ. ನಮ್ಮದು ಬಡ ದೇಶ, ಅಷ್ಟಾಗದು ಎನ್ನುವವರಿಗೆ ಪಕ್ಕದ ಕೇರಳ ಇದೆ. ಕೋಯಿಕ್ಕೋಡ್, ಮಲಪ್ಪುರಂ ಕಡೆ ತೊಂಬತ್ತರ ದಶಕದಿಂದ ಬೆಳೆದ ಉಪಶಾಮಕ ಆರೈಕೆಯ ಚಳವಳಿಯಲ್ಲಿ ಊರಿನ ಸ್ವಯಂಸೇವಕರೂ ನರ್ಸುಗಳೂ ಹಾಸಿಗೆ ಹಿಡಿದವರ ಮನೆಗೇ ಹೋಗುತ್ತಾರೆ. 2008ರಲ್ಲಿ ಆ ರಾಜ್ಯ ಅದನ್ನು ತನ್ನ ನೀತಿಯಾಗಿ ಘೋಷಿಸಿ ಪಂಚಾಯಿತಿಗಳಿಗೆ ಜವಾಬ್ದಾರಿ ಕೊಟ್ಟಿತು.

ನಮಗೆ ಅದು ಬೇಕಾಗಿರುವುದು ಬೆಂಗಳೂರಿಗಿಂತ ಹೆಚ್ಚಾಗಿ ಮಲೆನಾಡಿಗೆ. ಶಿರಸಿ, ಸಿದ್ದಾಪುರ, ಯಲ್ಲಾಪುರದ ಕಡೆ ಊರುಗಳೇ ವೃದ್ಧಾಶ್ರಮವಾಗಿವೆ ಎಂಬ ಮಾತು ಅಲ್ಲಿಯವರ ಬಾಯಲ್ಲೇ ಇದೆ. ಹದಿನಾರು ಅಂಕಣದ ಮನೆ, ಅಂಗಳದಲ್ಲಿ ಒಣಗಿದ ಅಡಿಕೆ, ಒಳಗೆ ಎಪ್ಪತ್ತೈದರ ಆಯಿಯೂ ಎಂಬತ್ತರ ಅಪ್ಪನೂ. ತೋಟ ಬಿಟ್ಟು ಬೆಂಗಳೂರಿನ ಫ್ಲ್ಯಾಟಿಗೆ ಬರಲು ಅವರಿಗೆ ಮನಸ್ಸಿಲ್ಲ. ಬಂದವರು ಹದಿನೈದು ದಿನಕ್ಕೆ ಬಸ್ಸು ಹತ್ತಿ ವಾಪಸಾಗುತ್ತಾರೆ. ಇವರಿಗೆ ಆಶ್ರಮ ಬೇಡ, ಬಡಾವಣೆಯೂ ಬೇಡ. ವಾರಕ್ಕೆರಡು ಸಲ ಬಾಗಿಲಿಗೆ ಬರುವ ನರ್ಸ್ ಬೇಕು, ಫೋನ್ ಮಾಡಿದರೆ ಮಳೆಗಾಲದಲ್ಲೂ ಬರುವ ವಾಹನ ಬೇಕು, ಮಧ್ಯಾಹ್ನ ಎಲ್ಲರೂ ಕೂಡಲು ಊರ ಶಾಲೆಯಲ್ಲಿ ಒಂದು ಕೋಣೆ ಬೇಕು. ಮಕ್ಕಳ ಸಂಖ್ಯೆ ಕಡಿಮೆಯಾಗಿ ಮುಚ್ಚಿದ ಶಾಲೆಗಳಿಗೇನೂ ಅಲ್ಲಿ ಕೊರತೆಯಿಲ್ಲ.

ನನ್ನ ತೀರ್ಪು ಇಷ್ಟು. ತಾವಾಗಿ ಬಯಸಿ ಹೋಗುವವರು ಹೋಗಲಿ, ಅದರಲ್ಲಿ ಮಕ್ಕಳಿಗೆ ಕಳಂಕವೂ ಇಲ್ಲ, ಹೆತ್ತವರಿಗೆ ಅವಮಾನವೂ ಇಲ್ಲ. ಅವರನ್ನು ಕೇಳದೆ, ಮನೆ ಮಾರಿ, ‘ನಾಲ್ಕು ದಿನ ಇದ್ದು ನೋಡು’ ಎಂದು ಬಿಟ್ಟುಬರುವುದು ಜಾಗ ಎಷ್ಟೇ ಚೆನ್ನಾಗಿರಲಿ ಮೋಸ. ಮನೆಯಲ್ಲೇ ಇಟ್ಟುಕೊಳ್ಳುವವರು ಅದರ ಭಾರವನ್ನು ಒಬ್ಬ ಹೆಂಗಸಿನ ತಲೆಗೆ ಕಟ್ಟದಿದ್ದರೆ ಅದಕ್ಕಿಂತ ಒಳ್ಳೆಯದಿಲ್ಲ. ಆದರೆ ಇವತ್ತು ಕರ್ನಾಟಕದಲ್ಲಿ ದುಡ್ಡಿದ್ದವರೂ ಇಲ್ಲದವರೂ ಕೊನೆಯ ಎರಡು ಮೂರು ವರ್ಷಕ್ಕೆ ನಂಬಬಹುದಾದ ಜಾಗಗಳು ಬೆರಳೆಣಿಕೆಯಷ್ಟು. ಆಶ್ರಮಗಳನ್ನೂ ಮನೆಗೆ ಆಯಾಗಳನ್ನು ಕಳಿಸುವ ಏಜೆನ್ಸಿಗಳನ್ನೂ ನೋಂದಾಯಿಸಿ ಕನಿಷ್ಠ ಗುಣಮಟ್ಟ ಗೊತ್ತುಮಾಡುವ ತಿದ್ದುಪಡಿ ಮಸೂದೆ 2019ರ ಡಿಸೆಂಬರಿನಲ್ಲಿ ಲೋಕಸಭೆಗೆ ಬಂದಿತ್ತು. ಸ್ಥಾಯಿ ಸಮಿತಿಗೆ ಹೋಯಿತು, ವರದಿ ಬಂತು, ಮಸೂದೆ ಅಂಗೀಕಾರವಾಗಲಿಲ್ಲ; 2024ರಲ್ಲಿ ಆ ಲೋಕಸಭೆಯ ಜೊತೆಗೇ ಬಿದ್ದುಹೋಯಿತು. ಅದಕ್ಕಾಗಿ ರಾಜ್ಯ ಕಾಯುತ್ತ ಕೂರಬೇಕಿಲ್ಲ. ಒಂದು ಆಶ್ರಮದಲ್ಲಿ ರಾತ್ರಿ ಎಷ್ಟು ಜನ ಆಯಾಗಳಿರಬೇಕು, ಹಾಸಿಗೆ ಹಿಡಿದವರನ್ನು ಹೊರಗೆ ಕಳಿಸುವಂತಿಲ್ಲ ಎಂಬೆರಡು ನಿಯಮಗಳನ್ನು ತಂದು, ಪಾಲಿಸುವ ಸಣ್ಣ ಆಶ್ರಮಗಳಿಗೆ ಆಯಾಗಳ ಸಂಬಳದಲ್ಲಿ ಒಂದು ಪಾಲು ಕೊಟ್ಟರೂ ದೊಡ್ಡ ಕೆಲಸ.

ಅಲ್ಲಿಯವರೆಗೆ, ತಮಗಾಗಲಿ ಹೆತ್ತವರಿಗಾಗಲಿ ಜಾಗ ನೋಡಲು ಹೊರಟವರಿಗೆ ಒಂದು ಮಾತು. ಅಲ್ಲಿಯವರು ಹೇಳಿದ ಹಾಗೆ ಬೆಳಗ್ಗೆ ಹನ್ನೊಂದಕ್ಕೆ ಹೋಗಬೇಡಿ. ರಾತ್ರಿ ಎಂಟರ ಮೇಲೆ ಹೇಳದೆ ಹೋಗಿ. ಯೋಗದ ಹಾಲ್ ನೋಡದಿದ್ದರೂ ನಡೆಯುತ್ತದೆ, ಎದ್ದು ಓಡಾಡಲಾಗದವರು ಎಲ್ಲಿದ್ದಾರೆ, ಅವರನ್ನು ತೋರಿಸಿ ಎಂದು ಕೇಳಿ. ಅಂಥವರು ನಮ್ಮಲ್ಲಿ ಯಾರೂ ಇಲ್ಲ ಎಂದರೆ ಅಡ್ವಾನ್ಸ್ ಕೊಡದೆ ವಾಪಸ್ ಬನ್ನಿ.